ಮುರಗೋಡದ ಕಂಪ್ಯೂಟರಿಗೆ ಖಂಡೇನವಮಿ

ಕೊರೊನಾ ಹಾವಳಿ ಅಡಗಿದ ಮರುವರ್ಷದ ಮಾತು. ಬೈಲಹೊಂಗಲದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಕಂಪ್ಯೂಟರ್ ಜೋಡಿಸಿಕೊಡುವ ಅಂಗಡಿ ನನ್ನದು. ಸಿದ್ಧ ಡೆಸ್ಕ್‌ಟಾಪ್ ಕೊಳ್ಳುವ ಬದಲು ಬಿಡಿಭಾಗ ಆರಿಸಿ ಕಟ್ಟಿಸಿಕೊಂಡರೆ ಅದೇ ದುಡ್ಡಿಗೆ ಹೆಚ್ಚು ಕೆಲಸ ತೆಗೆಯಬಹುದು. ಆದರೆ ಆರಿಸುವಾಗಿನ ತಕರಾರು ಕನ್ಯೆ ನೋಡಲು ಹೋದಾಗಿನದಕ್ಕಿಂತ ಕಡಿಮೆ ಇರುವುದಿಲ್ಲ.

ದಸರೆಗೆ ಮುಂಚೆ ಮುರಗೋಡದಿಂದ ಸಾವಿತ್ರಿ ಎಂಬ ಹೆಣ್ಣುಮಗಳು ಗಂಡ ಬಸವರಾಜನೊಂದಿಗೆ ಬಂದಳು. ಬೆಳಗಾವಿಯ ಸ್ಟುಡಿಯೊ ಒಂದು ಮದುವೆ ಆಲ್ಬಂಗಳ ವಿನ್ಯಾಸವನ್ನು ಆಕೆಗೆ ಮನೆಯಿಂದಲೇ ಮಾಡಲು ಕೊಡುವುದಾಗಿ ಹೇಳಿತ್ತು. ವಿಜಯದಶಮಿಯ ಬನ್ನಿ ಹಬ್ಬದ ದಿನ ಮಾದರಿ ಆಲ್ಬಂ ಅವರ ಕೈಸೇರಬೇಕು. ಒಪ್ಪಿಗೆಯಾದರೆ ತುಳಸಿ ಲಗ್ನದ ನಂತರದ ಮದುವೆ ಸುಗ್ಗಿಯೆಲ್ಲ ಆಕೆಯದು, ತಪ್ಪಿದರೆ ಬೇರೆಯವರದು.

ಮೂವತ್ತೈದು ಸಾವಿರದೊಳಗೆ ಎಲ್ಲವೂ ಆಗಬೇಕಿತ್ತು. ಬೇರೆ ಗ್ರಾಫಿಕ್ಸ್ ಕಾರ್ಡಿನ ಆಸೆ ಬಿಟ್ಟು, ಚಿತ್ರ ಮೂಡಿಸುವ ಶಕ್ತಿ ತನ್ನಲ್ಲೇ ಇರುವ ಪ್ರೊಸೆಸರ್ ಆರಿಸಿದೆ. ದೊಡ್ಡ ಫೋಟೊಗಳು ತೊಡರಬಾರದೆಂದು ಹದಿನಾರು ಜಿಬಿ ರ್‍ಯಾಮ್, ಬೇಗ ತೆರೆಯಲಿ ಎಂದು ಎಸ್‌ಎಸ್‌ಡಿ. ಬೇಸಿಗೆಯ ಧಗೆಗೆ ಗಾಳಿಯಾಡಲಿ ಎಂದು ಮೇಲೆ ಜಾಳಿಗೆಯಿದ್ದ ಕ್ಯಾಬಿನೆಟ್ ಪೆಟ್ಟಿಗೆ.

ಜಗಳ ಹತ್ತಿದ್ದು ಎಸ್‌ಎಂಪಿಎಸ್ ವಿಷಯಕ್ಕೆ. ಗೋಡೆಯ ಕರೆಂಟನ್ನು ಇಳಿಸಿ ಒಳಗಿನ ಭಾಗಗಳಿಗೆ ಹಂಚುವ ಡಬ್ಬಿ ಅದು.

“ಕ್ಯಾಬಿನೆಟ್ ಜೋಡಿ ಒಂದು ಫುಕಟ್ ಬರತೈತಲ್ರಿ, ಅದನ್ನ ಹಾಕ್ರಿ. ಉಳದ ರೊಕ್ಕದಾಗ ಬಣ್ಣದ ಲೈಟಿನ ಫ್ಯಾನ್ ಕುಂಡ್ರಸ್ರಿ,” ಎಂದ ಬಸವರಾಜ.

“ಫುಕಟ್ ಬಂದದ್ದಂತ ಟ್ರ್ಯಾಕ್ಟರಿಗೆ ಎಂಥಾ ಡೀಸೆಲ್ ಪಂಪ್ ಆದ್ರೂ ಹಾಕತೀರೇನು?” ಎಂದು ಕಿಚಾಯಿಸಿದೆ. ಮೂಗಿಗಿಂತ ಮೂಗುತಿ ಭಾರವಾಗುವುದು ನನಗೆ ಸೇರುವುದಿಲ್ಲ.

ಸಾವಿತ್ರಿಯೇ ತೀರ್ಮಾನ ಹೇಳಿದಳು: “ಲೈಟ್ ಬ್ಯಾಡ್ರಿ. ಮದುಮಗಳ ಸೀರಿ ಬಣ್ಣ ಐತಿ ಹಂಗ ಕಾಣೋ ಮಾನಿಟರ್ ಕೊಡ್ರಿ. ಆ ಡಬ್ಬಿ ನೀವು ಹೇಳಿದ್ದ ಇರಲಿ.”

ಹಾಗೇ ಜೋಡಿಸಿ ಕಳಿಸಿಕೊಟ್ಟೆ. ಖಂಡೇನವಮಿಯ, ಅಂದರೆ ಆಯುಧಪೂಜೆಯ, ಬೆಳಿಗ್ಗೆ ಆಕೆಯ ಫೋನು ಬಂತು. “ಸರ್, ಕಂಪ್ಯೂಟರ್ ಗಪ್ ಆಗೇತ್ರಿ. ಆಲ್ಬಂ ಮುಗಿಸೇನಿ, ಆದ್ರ ಅದರಾಗ ಐತಿ. ನಾಳೆ ಕೊಡಬೇಕ್ರಿ.” ಅಂಗಡಿಯ ಪೂಜೆಯನ್ನು ಅರ್ಧಕ್ಕೇ ಬಿಟ್ಟು ಬಸ್ ಹತ್ತಿದೆ.

ಅವರ ಮನೆಯಂಗಳದಲ್ಲಿ ಟ್ರ್ಯಾಕ್ಟರ್ ಚೆಂಡುಹೂವಿನ ಮಾಲೆ ತೊಟ್ಟು ನಿಂತಿತ್ತು. ಸಾವಿತ್ರಿಯ ಅತ್ತೆ ಶಿವಗಂಗವ್ವ ಕಟ್ಟೆಯ ಮೇಲೆ ಮುಖ ಸಣ್ಣ ಮಾಡಿಕೊಂಡು ಕುಳಿತಿದ್ದರು. ನಮ್ಮ ಕಡೆ ಕಾಯಿ ಒಡೆದು ಆ ನೀರನ್ನು ಗಾಡಿಗೆ ಚಿಮುಕಿಸುವುದು ವಾಡಿಕೆ. ಟ್ರ್ಯಾಕ್ಟರಿನ ಪೂಜೆ ಮುಗಿಸಿದ ಅವರು, ಸೊಸೆಯ ಯಂತ್ರಕ್ಕೆ ಕಡಿಮೆ ಮಾಡಬಾರದೆಂದು, ಚಾಲೂ ಇದ್ದ ಕಂಪ್ಯೂಟರಿಗೂ ಕಾಯಿನೀರನ್ನು ಧಾರಾಳವಾಗಿ ಎರಚಿದ್ದರು. ನಾನು ಆರಿಸಿದ ಜಾಳಿಗೆ ಅದನ್ನು ಒಳಗೆ ಕರೆದುಕೊಂಡಿತ್ತು.

“ನನ್ನ ಕೈಯಾರೆ ಸುಟ್ಟೆನೇನ್ರಿ? ಆಕೀದು ಛಲೋ ಆಗಲಿ ಅಂತ ಮಾಡಿದ್ನಿ,” ಎಂದು ಅವರು ಕಣ್ಣೊರೆಸಿಕೊಂಡರು. ಸಾವಿತ್ರಿ ಅವರ ಕೈ ಹಿಡಿದುಕೊಂಡೇ ನನ್ನ ಕೆಲಸ ನೋಡುತ್ತಿದ್ದಳು.

ಬಿಚ್ಚಿ ನೋಡಿದೆ. ಮದರ್‌ಬೋರ್ಡಿನ ಮೇಲೆ ಅಂಟು ಹನಿಗಳಿದ್ದವು, ಆದರೆ ಸುಟ್ಟ ವಾಸನೆ ಇರಲಿಲ್ಲ. ನೀರು ತಾಗಿ ಶಾರ್ಟ್ ಆದೊಡನೆ ಎಸ್‌ಎಂಪಿಎಸ್ ತಾನಾಗಿ ಕರೆಂಟು ಕಡಿದಿತ್ತು. ಫುಕಟ್ ಡಬ್ಬಿಯಾಗಿದ್ದರೆ ಹಾಗೆ ಕಡಿದೀತೆಂಬ ನಂಬಿಕೆ ನನಗಿರುತ್ತಿರಲಿಲ್ಲ. ಬೋರ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಎಂಬ ಬೇಗ ಆರುವ ದ್ರವದಿಂದ ತೊಳೆದು ಫ್ಯಾನಿನ ಕೆಳಗಿಟ್ಟೆ. ಊಟ ಮುಗಿಸಿ ಮರುಜೋಡಿಸಿ ಗುಂಡಿ ಒತ್ತಿದಾಗ ಫ್ಯಾನು ತಿರುಗಿತು, ಪರದೆಯ ಮೇಲೆ ಹಸಿರು ಸೀರೆಯ ಮದುಮಗಳು ಮೂಡಿದಳು. ತಲೆಗೆ ಬಂದದ್ದು ಮುಂಡಾಸಿಗೆ ಹೋಗಿತ್ತು. ಬಸವರಾಜ ಮತ್ತೊಂದು ಹೋಳಿಗೆ ತಂದುಕೊಟ್ಟ, ಲೈಟಿನ ಮಾತೆತ್ತಲಿಲ್ಲ.

ಮಾದರಿ ಒಪ್ಪಿಗೆಯಾಯಿತು. ಆ ಸುಗ್ಗಿಯಷ್ಟೇ ಅಲ್ಲ, ಇಂದಿಗೂ ಸಾವಿತ್ರಿಗೆ ಕೆಲಸ ಬರುತ್ತಿದೆ. ಈಗ ಯಾರೇ ಬಂದರೂ ಪ್ರೊಸೆಸರ್ ಮಾತಿಗಿಂತ ಮೊದಲು, ಕಂಪ್ಯೂಟರ್ ಎಲ್ಲಿಡುತ್ತೀರಿ, ಪೂಜೆ ಯಾರು ಮಾಡುತ್ತಾರೆ ಎಂದು ಕೇಳುತ್ತೇನೆ. ಯಂತ್ರ ಬಾಳಬೇಕಾದದ್ದು ಮನೆಯವರ ನಡುವೆ; ಆ ಮನೆ ತಿಳಿಯದೆ ಭಾಗ ಆರಿಸಬಾರದೆಂದು ಈ ಕೆಲಸ ಕಲಿಸಿದೆ.

ಮರುವರ್ಷ ಖಂಡೇನವಮಿಗೆ ಶಿವಗಂಗವ್ವನೇ ಫೋನ್ ಮಾಡಿದರು. “ಈ ಸರತಿ ಕಾಯಿ ಹೊಸ್ತಿಲ ಮುಂದ ಒಡದೇನ್ರಿ. ಕಂಪ್ಯೂಟರಿಗೆ ಬರೇ ಹೂವು. ಆದ್ರ ಒಳಗ ಕುಂತು ಕಾಯ್ದ ಆ ಡಬ್ಬಿಗೆ ಒಂದೀಟು ಕುಂಕುಮ ಹಚ್ಚಬೇಕ್ರಿ. ಬಿಚ್ಚಾಕ ಯಾವಾಗ ಬರತೀರಿ?”