ಖಂಡೇಪೂಜೆಯ ರಾತ್ರಿ, ಸೆಲ್ಲಾರಿನಲ್ಲಿ

ಇದನ್ನು ಕಟ್ಟುಕಥೆ ಅನ್ನುವವರು ನಮ್ಮ ಮನೆಗೆ ಬರಲಿ. ಆ ಹಳೆಯ ಕಾರು ಈಗಲೂ ನಮ್ಮಲ್ಲಿದೆ, ಬಾನೆಟ್ಟಿನ ಎಡಬದಿ ತೋರಿಸುತ್ತೇನೆ. ನನಗೆ ದೆವ್ವ ಭೂತದ ಹುಚ್ಚಿಲ್ಲ. ಕಲಬುರಗಿಯಲ್ಲಿ ಅಪ್ಪನ ಬ್ಯಾಟರಿ ಅಂಗಡಿಯಲ್ಲಿ ಬೆಳೆದವಳು ನಾನು. ಕತ್ತಲಿಗಿಂತ ಆಸಿಡ್ಡಿಗೆ ಹೆಚ್ಚು ಹೆದರಿದವಳು.

ಹೈದರಾಬಾದಿನಲ್ಲಿ ಎಲ್ಲಿ ನೋಡಿದರೂ ಗಾಜಿನ ಆಫೀಸುಗಳು ಏಳುತ್ತಿದ್ದ ಕಾಲ. ಗಂಡನಿಗೆ ಕಾಲ್ ಸೆಂಟರಿನಲ್ಲಿ ರಾತ್ರಿ ಪಾಳಿ. ಅವರ ಆಫೀಸಿಗೆ ಹತ್ತಿರವೆಂದು ಗಚ್ಚಿಬೌಲಿಯ ಆಚೆ, ಬರೀ ಬಂಡೆಗಳ ನಡುವೆ ಎದ್ದ ಹೊಸ ಅಪಾರ್ಟ್‌ಮೆಂಟಿನ ಐದನೇ ಮಹಡಿಗೆ ಬಂದಿದ್ದೆವು. ನಾನು, ಅವರು, ನಮ್ಮತ್ತೆ. ಇಡೀ ಕಟ್ಟಡದಲ್ಲಿ ಇನ್ನೆರಡೇ ಸಂಸಾರ, ಅವರೂ ದಸರೆಗೆ ಊರಿಗೆ ಹೋಗಿದ್ದರು. ವಾಚ್‌ಮನ್ ಕೂಡ ಹೋಗಿದ್ದ.

ಆಯುಧಪೂಜೆಗೆ ನಮ್ಮ ಕಡೆ ಖಂಡೇಪೂಜೆ ಅನ್ನುತ್ತೇವೆ. ಹಬ್ಬಕ್ಕೆಂದು ಗಂಡ ಕಾರಿಗೆ ಹೊಸ ಬಣ್ಣ ಹೊಡೆಸಿದ್ದರು. ಪೇಂಟರ್ ಮುಂಜಾನೆಯಷ್ಟೇ ತಂದು ಕಟ್ಟಡದಡಿಯ ಸೆಲ್ಲಾರಿನಲ್ಲಿ ನಿಲ್ಲಿಸಿ ಹೋಗಿದ್ದ. ಇವರು ಅಷ್ಟಕ್ಕೇ ಬಿಡಲಿಲ್ಲ. ಕಾರಿನ ಬೋಲ್ಟ್ ಬಿಚ್ಚುವ ಪಾನಾ, ಸ್ಕ್ರೂಡ್ರೈವರ್, ಜಾಕು ಎಲ್ಲ ಮೇಲೆ ತಂದು ದೇವರ ಮುಂದಿಟ್ಟು, ಕುಂಕುಮ ಹಚ್ಚಿ, "ನಾಳೆ ಬನ್ನಿ ಮುಡಿಯೂತನಕಾ ಯಾರೂ ಮುಟ್ಟಬ್ಯಾಡ್ರಿ" ಎಂದು ಅಪ್ಪಣೆ ಕೊಟ್ಟು ಕಂಪನಿಯ ಕ್ಯಾಬ್ ಹತ್ತಿದರು.

ರಾತ್ರಿ ಊಟಕ್ಕೆ ಕೂತಾಗ ಅತ್ತೆಗೆ ದಮ್ಮು ಏರಿತು. ಔಷಧದ ಪಂಪು ಖಾಲಿ. ಎದೆಯಲ್ಲಿ ಸುಂಯ್ ಸುಂಯ್ ಸದ್ದು, ತುಟಿ ನೀಲಿಗಟ್ಟುತ್ತಿತ್ತು. ಮೆಹದಿಪಟ್ಟಣಂ ದವಾಖಾನೆ ಮುಟ್ಟಿಸದಿದ್ದರೆ ಉಳಿಯುವುದಿಲ್ಲ ಎಂದು ನನಗೆ ಖಾತ್ರಿಯಾಯಿತು. ಲಿಫ್ಟಿನಲ್ಲಿ ಇಳಿಸಿ ಕಾರಿನ ಹಿಂದಿನ ಸೀಟಿನಲ್ಲಿ ಕೂಡಿಸಿದೆ.

ಅಷ್ಟರಲ್ಲಿ ಕರೆಂಟು ಹೋಯಿತು...

ಚಾವಿ ತಿರುವಿದೆ. ಟಕ್. ಮುಂದಿನ ಸಣ್ಣ ಕೆಂಪು ದೀಪ ಮಂಕಾಗಿ ಆರಿತು. ಮತ್ತೆ ತಿರುವಿದೆ... ಟಕ್. ಅಷ್ಟೇ.

ಮೊಬೈಲಿಗೆ ಸಿಗ್ನಲ್ ಇಲ್ಲ. ರ‍್ಯಾಂಪ್ ಹತ್ತಿ ಓಡಿ ಗಂಡನಿಗೆ ಫೋನು ಮಾಡಿದೆ, ಸ್ವಿಚ್ ಆಫ್. ಡ್ಯೂಟಿಯಲ್ಲಿ ಫೋನು ಇಟ್ಟುಕೊಳ್ಳುವಂತಿಲ್ಲ. ಕರೆದರೆ ಬರುವ ಆಂಬುಲೆನ್ಸ್ ಆಗಿನ್ನೂ ಇರಲಿಲ್ಲ. ರಸ್ತೆಯಲ್ಲಿ ಆಟೋ ಹೋಗಲಿ, ನಾಯಿಯೂ ಇರಲಿಲ್ಲ. ಅತ್ತೆಗೆ ಮೆಟ್ಟಿಲು ಹತ್ತಲಾಗದು. ಕಾರನ್ನು ನೂಕಿ ಶುರು ಮಾಡೋಣವೆಂದರೆ ಎದುರಿಗೆ ಗೋಡೆ, ಹೊರದಾರಿ ಏರು. ಮೇಲಕ್ಕೂ ಹೋಗುವಂತಿಲ್ಲ, ಹೊರಗೂ ಹೋಗುವಂತಿಲ್ಲ. ಬಾವಿಯಲ್ಲಿ ಬಿದ್ದ ಹಾಗಾಯಿತು ನನಗೆ.

ಮೊಬೈಲಿನ ಬೆಳಕಿನಲ್ಲಿ ಬಾನೆಟ್ ಎತ್ತಿದೆ. ಹೋಲ್ಡರಿಗೆ ಎರಡು ವೈರ್ ಕಟ್ಟಿದ ಅಪ್ಪನ ಬಲ್ಬ್ ಕಾರಿನ ಖಾನೆಯಲ್ಲೇ ಇತ್ತು. ಅದೂ ಆಯುಧವೆಂದು ಗಂಡನಿಗೆ ಹೊಳೆದಿರಲಿಲ್ಲ, ನನ್ನ ಪುಣ್ಯ. ವೈರುಗಳನ್ನು ಬ್ಯಾಟರಿಯ ಪ್ಲಸ್ಸಿಗೂ ಮೈನಸ್ಸಿಗೂ ಹಿಡಿದೆ, ಬಲ್ಬ್ ಝಗ್ಗನೆ ಉರಿಯಿತು. ಮೈನಸ್ಸಿನ ವೈರನ್ನು ತೆಗೆದು ಕಾರಿನ ತಗಡಿಗೆ ಹಿಡಿದೆ. ಬರೀ ಮಿಣುಕು. ಅಂದರೆ ಬ್ಯಾಟರಿಯಲ್ಲಿ ಜೀವ ಇದೆ, ಕಾರಿಗೆ ಮುಟ್ಟುತ್ತಿಲ್ಲ. ಅರ್ಥಿಂಗ್ ಹೋಗಿದೆ.

ಬ್ಯಾಟರಿಯ ಮೈನಸ್ ವೈರನ್ನು ತುದಿಯವರೆಗೆ ತಡವಿದೆ. ಪೇಂಟರ್ ಮಹಾಶಯ ಬೋಲ್ಟ್ ಬಿಚ್ಚಿ, ಅದರ ಜಾಗಕ್ಕೂ ದಪ್ಪಗೆ ಬಣ್ಣ ಬಳಿದು, ಅದರ ಮೇಲೇ ವೈರ್ ಬಿಗಿದಿದ್ದ. ಮುಂಜಾನೆ ಹೇಗೋ ತಾಗಿದ್ದು ಈಗ ಕೈಕೊಟ್ಟಿತ್ತು. ಬಿಚ್ಚಿ, ಬಣ್ಣ ಕೆರೆದು, ಬಿಗಿದರೆ ಮುಗಿಯುವ ಕೆಲಸ. ಆದರೆ ಪಾನಾ ಐದನೇ ಮಹಡಿಯಲ್ಲಿ ಕುಂಕುಮ ಹಚ್ಚಿಕೊಂಡು ಕೂತಿತ್ತು. ಬೆರಳಿನಿಂದ ತಿರುವಿದೆ, ಉಗುರು ಕಿತ್ತು ರಕ್ತ ಬಂತು. ಬೋಲ್ಟ್ ಕದಲಲಿಲ್ಲ. ನನಗೆ ಅಳು ಬಂತು, ಗಂಡನ ಮೇಲೆ ಸಿಟ್ಟೂ ಬಂತು.

ಪಾನಾ ತರೋಣವೆಂದು ಮೆಟ್ಟಿಲ ಕಡೆ ಹೊರಟೆ. ಹಿಂದಿನಿಂದ ಅತ್ತೆಯ ದನಿ.

"ಬಿಟ್ಟ್ ಹೋಗಬ್ಯಾಡವ್ವಾ... ಇಲ್ಲಿ ಯಾರೋ ಅದಾರ."

ನಿಂತೆ. ಕಂಬದ ಹಿಂದೆ ಬರಿಗಾಲು ಎಳೆದಂತೆ ಸರ್... ಸರ್... ಸದ್ದು. ಜೊತೆಗೆ ಹಸಿ ಸಿಮೆಂಟಿನ ವಾಸನೆ. ಕಟ್ಟಡದ ಕೆಲಸ ಮುಗಿದು ವರ್ಷವಾಗಿತ್ತು.

"ಅಕ್ಕಾರ... ಒಳಗ ಕುಂಡ್ರಿ. ವೈರ್ ನಾ ಹಿಡೀತೀನಿ."

ಗಂಡಸಿನ ದನಿ, ನಮ್ಮ ಕಡೆಯದೇ ಮಾತು. ಕಟ್ಟಡ ಕಟ್ಟಿದ ಕೂಲಿಗಳೆಲ್ಲ ಯಾದಗಿರಿ, ರಾಯಚೂರು ಕಡೆಯವರೆಂದು ಕೇಳಿದ್ದೆ. ಅವರಲ್ಲೇ ಯಾರೋ ಇಲ್ಲಿ ಮಲಗಿರಬೇಕು ಅಂದುಕೊಂಡೆ.

"ಯಾರಪ್ಪಾ ನೀ?"

"ಲಗೂನ ಚಾವಿ ತಿರುವ್ರಿ. ಅಮ್ಮಾರಿಗೆ ಉಸರ ಸಾಲವಲ್ದು."

ಒಳಗೆ ಕೂತೆ. ಬಾನೆಟ್ ಧಡ್ಡನೆ ಮುಚ್ಚಿತು. ಕಾರಿನ ಎಡಬದಿ ಯಾರೋ ಭಾರ ಹಾಕಿದಂತೆ ತುಸು ಕುಸಿಯಿತು... ಆ ಕ್ಷಣವೇ ಎರಡೂ ಹೆಡ್‌ಲೈಟ್ ಝಗ್ಗನೆ ಹತ್ತಿದವು! ಎದುರಿಗೆ ಬೋಳು ಗೋಡೆ. ಯಾರೂ ಇಲ್ಲ. ಚಾವಿ ತಿರುವಿದೆ, ಒಂದೇ ಏಟಿಗೆ ಇಂಜಿನ್ ಶುರುವಾಯಿತು.

"ಹತ್ತಪ್ಪಾ, ಬಾ!" ಎಂದು ಕೂಗಿದೆ. ಯಾರೂ ಹತ್ತಲಿಲ್ಲ. ಹಿಂದೆ ಅತ್ತೆಯ ತಲೆ ವಾಲುತ್ತಿತ್ತು. ಗಾಡಿ ಬಿಟ್ಟೆ.

ದಾರಿಯುದ್ದಕ್ಕೂ ದೀಪ ಒಮ್ಮೆಯೂ ಮಿಣುಕಲಿಲ್ಲ. ಕಿಟಕಿ ಮುಚ್ಚಿದ್ದರೂ ಆ ಹಸಿ ಸಿಮೆಂಟಿನ ವಾಸನೆ ಮಾತ್ರ ಹೋಗಲಿಲ್ಲ. ದವಾಖಾನೆಯ ಗೇಟಿನಲ್ಲಿ ಅತ್ತೆಯನ್ನು ಸ್ಟ್ರೆಚರಿಗೆ ಎತ್ತಿದರು. ನಾನಿನ್ನೂ ಚಾವಿಗೆ ಕೈ ಹಾಕಿರಲಿಲ್ಲ... ದೀಪ ಆರಿತು. ಇಂಜಿನ್ನೂ ನಿಂತಿತು.

ಮರುದಿನ ದವಾಖಾನೆಗೆ ಕರೆಸಿದ ಮೆಕ್ಯಾನಿಕ್ ಬೋಲ್ಟ್ ಬಿಚ್ಚಿ, ನನ್ನ ಮುಖ ನೋಡಿದ. "ಅರ್ಥಿಂಗ್‌ಚ್ ನೈ ಹೈ ಅಮ್ಮಾ. ಗಾಡಿ ಯಹಾಂ ತಕ್ ಆಯೀ ಕೈಸೇ?" ಅರ್ಥಿಂಗೇ ಇಲ್ಲದ ಗಾಡಿ ಇಲ್ಲಿಯವರೆಗೆ ಬಂದಿದ್ದು ಹೇಗೆ ಎಂದರೆ ನಾನೇನು ಹೇಳಲಿ? ಅವನು ಬಾನೆಟ್ ಮುಚ್ಚಿದಾಗ ಎಡಬದಿಯ ಹೊಸ ಬಣ್ಣದ ಮೇಲೆ ಬೂದು ಬಣ್ಣದ ಒಂದು ಅಂಗೈ ಗುರುತು ಕಂಡಿತು, ಐದೂ ಬೆರಳು ಸ್ಪಷ್ಟವಾಗಿ. ನೀರು, ಸೀಮೆಎಣ್ಣೆ, ಪಾಲಿಶ್... ಯಾವುದಕ್ಕೂ ಅದು ಹೋಗಿಲ್ಲ.

ಆಕ್ಸಿಜನ್ ತೆಗೆದ ಮೇಲೆ ಅತ್ತೆ ಆಡಿದ ಮೊದಲ ಮಾತು, "ಆ ಮನಷ್ಯಾಗ ನೀರ ಕೊಟ್ಟಿಯೇನವ್ವಾ?"

"ಯಾವ ಮನಷ್ಯಾರೀ ಅತ್ತಿ?"

"ಬಾನೆಟ್ ಮ್ಯಾಲೆ ಕೈ ಇಟಗೊಂಡು, ಇಲ್ಲೀತನಕಾ ನಮ್ಮ ಜೋಡಿ ಓಡಿ ಬಂದನಲ್ಲ... ಬರಿಗಾಲಿಲೆ. ನಿಲ್ಲಸು ಅಂತ ನಿನಗ ಹೇಳಬೇಕಂದ್ರ ನನಗ ಮಾತ ಬರಲಿಲ್ಲ."



ಈಗಲೂ ಅದೇ ಮನೆಯಲ್ಲಿದ್ದೇವೆ. ಖಂಡೇಪೂಜೆಗೆ ಒಂದು ಪಾನಾ ಕಾರಿನಲ್ಲೇ ಉಳಿಯುತ್ತದೆ, ಗಂಡ ಚಕಾರ ಎತ್ತುವುದಿಲ್ಲ. ಪ್ರತಿ ವರ್ಷ ಆ ರಾತ್ರಿ ಸೆಲ್ಲಾರಿನ ಕಂಬದ ಹತ್ತಿರ ಒಂದು ತಂಬಿಗೆ ನೀರಿಟ್ಟು ಬರುತ್ತೇನೆ. ಬೆಳಗ್ಗೆ ಹೋಗಿ ನೋಡುವ ಧೈರ್ಯ ನನಗಿನ್ನೂ ಬಂದಿಲ್ಲ. ತಂಬಿಗೆಯನ್ನು ಗಂಡನೇ ಮೇಲೆ ತರುತ್ತಾರೆ. ಅದರಲ್ಲಿ ನೀರಿತ್ತೋ ಇಲ್ಲವೋ ನಾನು ಕೇಳುವುದಿಲ್ಲ, ಅವರೂ ಹೇಳುವುದಿಲ್ಲ.