ಇನ್ನೊಬ್ಬ ಸುಭಾಷ ಬಿರಾದಾರ

ತಾಯವ್ವ ಬಸುರಿಯಾಗಿದ್ದ ವರ್ಷ ಕಾಖಂಡಕಿಗೆ ಒಂದು ಜೀಪು ಬಂದಿತ್ತು. ಅದರಿಂದ ಇಳಿದ ಬಿಳಿ ಪೈಜಾಮದ ತರುಣ ಓಟು ಕೇಳುವ ಮೊದಲು ಬಾವಿಯ ಕಟ್ಟೆಗೆ ಹೋದ. ತುಂಬಿದ ಕೊಡ ಎತ್ತಲಾರದೆ ನಿಂತಿದ್ದ ತಾಯವ್ವನ ತಲೆಯ ಸಿಂಬಿಯ ಮೇಲೆ ತಾನೇ ಕೊಡ ಎತ್ತಿಟ್ಟ. ಅವನ ಹೆಸರು ಸುಭಾಷ ಬಿರಾದಾರ ಎಂದು ಜತೆಗಿದ್ದವರು ಹೇಳಿದರು. ತಾಯವ್ವನ ಗಂಡನ ಮನೆಯ ಅಡ್ಡಹೆಸರೂ ಬಿರಾದಾರ. ಆ ಸೀಮೆಯಲ್ಲಿ ಬಿರಾದಾರರಿಲ್ಲದ ಊರಿಲ್ಲ. ಮಗ ಹುಟ್ಟಿದಾಗ ದೇವರ ಹೆಸರು ಅಮೋಘಿ ಎಂದೇ ಇಡಬೇಕೆಂದು ಅತ್ತೆ ಹಟ ಹಿಡಿದಳು. ತಾಯವ್ವ ಮಣಿಯಲಿಲ್ಲ. ತೊಟ್ಟಿಲ ಮುಂದೆ ಬಾಗಿ ಮಗುವಿನ ಕಿವಿಯಲ್ಲಿ ಸುಭಾಷ ಎಂದೇ ಕೂಗಿದಳು.

ಜೀಪಿನ ಸುಭಾಷ ಆ ಸಲ ಗೆದ್ದ. ಮುಂದೆ ಮಂತ್ರಿಯಾದ, ದಿಲ್ಲಿಗೆ ಹೋದ, ಎಲ್ಲರ ಬಾಯಲ್ಲಿ ಸಾಹೇಬ್ರಾದ. ತಾಯವ್ವನ ಸುಭಾಷ ಕುರಿ ಕಾಯ್ದ. ಅಪ್ಪ ಬಿಟ್ಟುಹೋದ ತುಂಡು ಹೊಲದಲ್ಲಿ ಜೋಳ, ತೊಗರಿ ಬಿತ್ತಿದ. ಕಸ್ತೂರಿಯನ್ನು ಮದುವೆಯಾದ. ಹೆಸರು ಹೇಳಿದ ಕಡೆಯಲ್ಲೆಲ್ಲ ಜನ ನಕ್ಕರು. ಸಾಲಿಯಲ್ಲಿ ಮಾಸ್ತರು ಹಾಜರಿ ಕೂಗುವಾಗ, "ಸಾಹೇಬ್ರು ಬಂದಾರೇನು?" ಎನ್ನುತ್ತಿದ್ದರು. ಬಸ್ಸಿನಲ್ಲಿ, "ದಾರಿ ಬಿಡ್ರಪಾ, ಮಂತ್ರಿಗಳು ಇಳೀತಾರ" ಎನ್ನುತ್ತಿದ್ದರು. ಬ್ಯಾಂಕಿನಲ್ಲಿ ಅವನು, "ಆ ಸುಭಾಷ ಅಲ್ರಿ, ಕುರಿ ಸುಭಾಷ" ಎಂದು ತಾನೇ ಹೇಳಿಕೊಳ್ಳುವುದನ್ನು ಕಲಿತ.

ಒಂದು ವರ್ಷ ಪತ್ರಿಕೆಗಳಲ್ಲಿ ಸಾಹೇಬರ ಹೆಸರು ರಾಷ್ಟ್ರಪತಿ ಹುದ್ದೆಗೆ ಕೇಳಿಬಂತು. ಎಪ್ಪತ್ತು ದಾಟಿದ್ದ ಅವರ ಫ್ಲೆಕ್ಸುಗಳು ತಿಕೋಟಾದಿಂದ ಬಬಲೇಶ್ವರದವರೆಗೆ ಎದ್ದವು. ಚಹಾದಂಗಡಿಯ ಮಕ್ತುಮಬಿ ಕುರಿ ಸುಭಾಷನನ್ನು ಕಂಡರೆ, "ರಾಷ್ಟ್ರಪತಿಗೆ ಅರ್ಧ ಚಾ ಕೊಡ್ರಿ" ಎಂದು ಒಳಗೆ ಕೂಗಿ ನಗುತ್ತಿದ್ದಳು. ಕಡೆಗೆ ದಿಲ್ಲಿಯಲ್ಲಿ ಬೇರೆಯವರ ಹೆಸರು ಆಯ್ಕೆಯಾಯಿತು. ಅದರ ಬೆನ್ನಿಗೇ ವಿಧಾನಸಭೆ ಚುನಾವಣೆ ಬಂತು. ವಯಸ್ಸಾಯಿತೆಂದು ಪಕ್ಷ ಸಾಹೇಬರಿಗೆ ಟಿಕೆಟ್ಟನ್ನೂ ಕೊಡಲಿಲ್ಲ. ಸಾಹೇಬರು ಸುಮ್ಮನಿರಲಿಲ್ಲ, ಪಕ್ಷೇತರರಾಗಿ ನಿಂತರು. ಕುಕ್ಕರ್ ಗುರುತು ಸಿಕ್ಕಿತು.

ಆ ವಾರವೇ ಸತೀಶಕುಮಾರ ಎಂಬವನು ಕುರಿಹಟ್ಟಿಗೆ ಬಂದ. ವಿಜಯಪುರದವನು, ಸಾಹೇಬರ ಎದುರಾಳಿ ಅಭ್ಯರ್ಥಿಯ ಹಿಂದೆ ಮುಂದೆ ಓಡಾಡುವವನು.

"ನೀವೂ ನಿಲ್ರಿ ಚುನಾವಣಿಗೆ," ಎಂದ.

"ನಾನಾ? ನನಗ್ಯಾರು ಓಟ್ ಹಾಕ್ತಾರ್ರೀ?"

"ಹಾಕ್ಲಿ, ಬಿಡ್ಲಿ. ಹುಟ್ಟಿದಾಗಿಂದ ಇನ್ನೊಬ್ರ ಹೆಸರಿನ ನೆರಳಾಗ ಬದುಕೀರಿ. ಒಂದ್ ಸಲ ನಿಮ್ಮ ಹೆಸರು, ನಿಮ್ಮ ಫೋಟೋ ಓಟಿನ ಮಷಿನ್‌ನ್ಯಾಗ ಬರ್ಲಿ. ಓಡಾಟ ಎಲ್ಲಾ ನಾವು ನೋಡ್ಕೋತೀವಿ."

"ಸಾಹೇಬ್ರಿಗೆ ತ್ರಾಸ ಆಗೂದಿಲ್ಲಲ್ರೀ?"

"ಅವರು ಸಾವಿರಗಟ್ಲೆ ಮುಂದ ಇರ್ತಾರ. ನಿಮ್ಮ ನೂರಿನ್ನೂರು ಓಟ್ನಿಂದ ಅವರಿಗೇನ್ ಆಗ್ತೈತಿ?"

ಕಸ್ತೂರಿಗೆ ಇದು ಸೇರಲಿಲ್ಲ. "ಇದರಾಗ ಏನೋ ಐತ್ರಿ. ಸುಮ್ಮನ ನಿಮ್ಮನ್ನ ಹುಡುಕ್ಕೊಂಡು ಯಾರರ ಬರ್ತಾರ?" ಎಂದಳು. ಸುಭಾಷನಿಗೂ ಹಾಗೆ ಅನ್ನಿಸದೆ ಇರಲಿಲ್ಲ. ಆದರೆ ತನ್ನ ಹೆಸರು ತನ್ನದೇ ಆಗಿ ಎಲ್ಲಿಯಾದರೂ ಒಂದು ಕಡೆ ಇರಬೇಕೆಂಬ ಆಸೆ ಅವನಿಗೇ ಗೊತ್ತಿಲ್ಲದಂತೆ ಒಳಗೆ ಬೆಳೆದಿತ್ತು. ತಾಯಿಗೆ ಹೇಳದೆ ಹೋಗಿ ಸಹಿ ಹಾಕಿಬಂದ.

ವಿಜಯಪುರದ ಸ್ಟುಡಿಯೋದಲ್ಲಿ ಫೋಟೋದವನು ಅವನ ತಲೆಯ ಪಟಗಾ ಬಿಚ್ಚಿಸಿ ಸಾಹೇಬರು ಸುತ್ತುವ ರೀತಿ ಸುತ್ತಿದ. ಮೀಸೆ ಕತ್ತರಿಸಿ ಸಣ್ಣದು ಮಾಡಿದ. "ಈಗ ನೋಡ್ರಿ, ಥೇಟ್ ಸಾಹೇಬ್ರು," ಎಂದು ಕನ್ನಡಿ ಹಿಡಿದ. ಕನ್ನಡಿಯಲ್ಲಿದ್ದವನನ್ನು ಕಂಡು ಸುಭಾಷ ಬೇಡ ಎನ್ನಬೇಕೆಂದು ಬಾಯಿ ತೆರೆದ. ಅಷ್ಟರಲ್ಲಿ ಲೈಟು ಹೊಳೆಯಿತು. ಅವನಿಗೆ ಸಿಕ್ಕ ಗುರುತು ತವಾ. ಮಷಿನ್‌ನಲ್ಲಿ ಅದೂ ಕುಕ್ಕರಿನ ಹಾಗೆ ಹಿಡಿಕೆಯಿದ್ದ ಒಂದು ಕರಿ ಪಾತ್ರೆ.

ಎಣಿಕೆಯ ದಿನ ಅವನು ಮಕ್ತುಮಬಿಯ ಅಂಗಡಿಯಲ್ಲಿ ಟಿವಿ ನೋಡುತ್ತ ಕೂತಿದ್ದ. "ಸುಭಾಷ ಬಿರಾದಾರ" ಎಂದು ಪರದೆಯ ಮೇಲೆ ಬಂದಾಗಲೆಲ್ಲ ಮುಂದಕ್ಕೆ ಬಾಗುತ್ತಿದ್ದ. ಮಧ್ಯಾಹ್ನದ ಹೊತ್ತಿಗೆ ಗೊತ್ತಾಯಿತು. ಸಾಹೇಬರು ಏಳುನೂರು ಚಿಲ್ಲರೆ ಓಟಿನಿಂದ ಸೋತಿದ್ದರು. ಕುರಿ ಸುಭಾಷನಿಗೆ ಎರಡು ಸಾವಿರದ ಮೇಲೆ ಬಿದ್ದಿದ್ದವು.

ಅಂಗಡಿಯಲ್ಲಿ ಯಾರೂ ಬೈಯಲಿಲ್ಲ. ಮಕ್ತುಮಬಿ ಸೆರಗಿನಿಂದ ಕೈ ಒರೆಸುತ್ತ ಹತ್ತಿರ ಬಂದು ಅವನ ಮುಖವನ್ನೇ ನೋಡಿದಳು.

"ತಮ್ಮಾ, ನನಗ ಕಣ್ಣು ಮಂಜೈತಿ. ಪಟಗಾ ನೋಡಿ ಒತ್ತೀನಿ. ಅದು ನಿಂದಿತ್ತೇನೋ?"

ಸುಭಾಷ ಎದ್ದು ಬಂದುಬಿಟ್ಟ.

ಅಂದಿನಿಂದ ಅದೇ ಪ್ರಶ್ನೆ ಬೇರೆ ಬೇರೆ ಬಾಯಿಂದ ಬರತೊಡಗಿತು. ತೊರವಿಯ ಹತ್ತಿರ ಕುರಿ ಮೇಯಿಸುವಾಗ ಒಬ್ಬ ಮುದುಕ ಕೋಲೂರಿಕೊಂಡು ಬಂದು, "ನಂದೊಂದು ಓಟು ನಿನ್ನ ಹಂತ್ಯಾಕ ಐತಂತಲ್ಲೋ," ಎಂದು ಹೇಳಿ ಹೋದ. ಸಂತೆಯಲ್ಲಿ ಗುರುತಿಲ್ಲದ ಹೆಂಗಸರು ಅವನನ್ನು ಕಂಡು ತಮ್ಮ ಬೆರಳು ನೋಡಿಕೊಂಡರು. ಎರಡು ಸಾವಿರ ಜನ ಇನ್ನೊಬ್ಬರನ್ನು ಮನಸ್ಸಿನಲ್ಲಿಟ್ಟುಕೊಂಡು ತನ್ನ ಹೆಸರಿನ ಮುಂದಿನ ಗುಂಡಿ ಒತ್ತಿದ್ದಾರೆ ಎಂಬುದು ಅವನಿಗೆ ಊಟದ ಹೊತ್ತಿನಲ್ಲಿ ನೆನಪಾಗುತ್ತಿತ್ತು. ತುತ್ತು ಅಲ್ಲಿಗೇ ನಿಲ್ಲುತ್ತಿತ್ತು. ಆ ಬೆರಳುಗಳು ಮೈಮೇಲೆ ಇನ್ನೂ ಇವೆಯೇನೋ ಎಂಬಂತೆ ಒಮ್ಮೊಮ್ಮೆ ಎದೆ, ಭುಜ ಉಜ್ಜಿಕೊಳ್ಳುತ್ತಿದ್ದ.

ಸಂಗತಿ ತಿಳಿದ ದಿನ ತಾಯವ್ವ ಅತ್ತಳು. "ಆ ಪುಣ್ಯಾತ್ಮ ಕೊಡ ಹೊರಿಸ್ಯಾನಂತ ನಿನಗ ಆ ಹೆಸರು ಇಟ್ಟಿದ್ದೆ. ಅದನ್ನ ಒಯ್ದು ಅವನ ಕುತಿಗಿಗೇ ಕಟ್ಟಿದ್ಯಲ್ಲೋ," ಎಂದಳು. ಮತ್ತೆ ಅವನನ್ನು ಹೆಸರು ಹಿಡಿದು ಕರೆಯಲಿಲ್ಲ. ಆ ಮನೆಯಲ್ಲಿ ಅವನ ಹೆಸರು ಕೂಗುವವಳು ಅವಳೊಬ್ಬಳೇ ಆಗಿದ್ದಳು, ಕಸ್ತೂರಿ ಹೇಗೂ ಗಂಡನ ಹೆಸರು ಹೇಳುವವಳಲ್ಲ. ಈಗ ಆ ಹೆಸರು ಮನೆಯೊಳಗೆ ಎಲ್ಲಿಯೂ ಕೇಳುತ್ತಿರಲಿಲ್ಲ.

ಸಾಹೇಬರು ಅಥಣಿ ರಸ್ತೆಯ ಮನೆ ಬಿಟ್ಟು ಹೊರಗೆ ಬರುತ್ತಿಲ್ಲ ಎಂಬ ಸುದ್ದಿ ಬಂತು. ಬಂದವರಿಗೆ ಬಾಗಿಲು ತೆರೆಯುತ್ತಿಲ್ಲ ಎಂದರು. ಉಂಡರೂ ಮೈಗೆ ಹತ್ತುತ್ತಿಲ್ಲ ಎಂದರು. ಸುಗ್ಗಿಯ ಕಾಲದಲ್ಲಿ ಒಂದು ಬೆಳಗ್ಗೆ ತೀರಿಕೊಂಡರು.

ಸುಭಾಷ ಅದನ್ನು ತಿಳಿದದ್ದು ಬಬಲೇಶ್ವರದ ಸರ್ಕಲ್ಲಿನಲ್ಲಿ. ಬಸ್ಸಿನಿಂದ ಇಳಿದವನ ಮುಂದೆ ಆಳೆತ್ತರದ ಫ್ಲೆಕ್ಸು. ಮೇಲೆ ಹೂಮಾಲೆಯ ಚಿತ್ರ, ಕೆಳಗೆ ದಪ್ಪಕ್ಷರದಲ್ಲಿ "ದಿ. ಸುಭಾಷ ಬಿರಾದಾರ ಅವರಿಗೆ ಭಾವಪೂರ್ಣ ಶ್ರದ್ಧಾಂಜಲಿ." ಆ ಕಡೆ ಒಂದು, ಈ ಕಡೆ ಒಂದು, ಎಣ್ಣೆ ಅಂಗಡಿಯ ಗೋಡೆಗೊಂದು. ನಡೆಯುತ್ತ ಊರು ದಾಟಿದರೂ ಕಂಬ ಕಂಬಕ್ಕೆ ಅವನ ಹೆಸರು ಸತ್ತು ಜೋತಾಡುತ್ತಿತ್ತು. ಮನೆಗೆ ಬಂದು ಯಾರಿಗೂ ಹೇಳದೆ ಕುರಿಹಟ್ಟಿಯೊಳಗೆ ಕೂತ.

ಮಧ್ಯಾಹ್ನ ಒಂದು ಮೋಟರ್‌ಸೈಕಲ್ ಬಾಗಿಲಿಗೆ ಬಂದು ನಿಂತಿತು. ಕಸ್ತೂರಿಯ ತಮ್ಮ ಭಾಗಪ್ಪ ತಲೆಗೆ ಟವೆಲ್ ಹಾಕಿಕೊಂಡು ಬಂದಿದ್ದ. ದಾರಿಯ ಫ್ಲೆಕ್ಸುಗಳಲ್ಲಿ ಹೆಸರಷ್ಟೇ ಓದಿ, ಇಳಿಯುವ ಮೊದಲೇ ಅಳುತ್ತಿದ್ದ. "ಅಕ್ಕಾ, ಮಾಮಾ ಹ್ಯಾಂಗ ಹೋದನs? ಒಂದ್ ಮಾತು ಹೇಳಿ ಕಳಸಬಾರದಿತ್ತೇನ?" ಎಂದು ಅಕ್ಕನ ಕೊರಳಿಗೆ ಬಿದ್ದ. ಕಸ್ತೂರಿಗೆ ಏನೂ ತಿಳಿಯದೆ ಅವಳೂ ಗಾಬರಿಯಿಂದ ಕೂಗಿದಳು. ಆ ಸದ್ದಿಗೆ ಸುಭಾಷ ಹಟ್ಟಿಯಿಂದ ಹೊರಬಂದ. ಅವನನ್ನು ಕಂಡ ಭಾಗಪ್ಪ ಚೀರಿ ಹಿಂದಕ್ಕೆ ಸರಿದು ಗೋಡೆಗೆ ಒರಗಿದ. ಬಹಳ ಹೊತ್ತು ಹತ್ತಿರ ಬರಲಿಲ್ಲ.

"ಮುಟ್ಟು, ನಾನs ಅದೀನಿ," ಎಂದು ಸುಭಾಷ ಕೈ ಚಾಚಿದ. ಭಾಗಪ್ಪ ಮುಟ್ಟಿದ. ಆದರೆ ಚಹಾ ಕುಡಿಯುವಾಗಲೂ ಮಾಮನನ್ನು ಓರೆಗಣ್ಣಿನಿಂದಲೇ ನೋಡುತ್ತಿದ್ದ.

ಅವನು ಹೋದ ಮೇಲೆ ಕಸ್ತೂರಿ ತನ್ನ ತಾಳಿಯನ್ನು ಹಿಡಿದುಕೊಂಡು ಕೂತಳು. "ನನಗ ಹೆದರಿಕಿ ಬರಾಕತ್ತೈತ್ರಿ. ಊರ ತುಂಬ ನಿಮ್ಮ ಹೆಸರಿಗೆ ಮಾಲಿ ಹಾಕ್ಯಾರ. ಆ ಮನಿಗೆ ಹೋಗಿ ಕೈಮುಗದು ಬರ್ರಿ. ಅಲ್ಲೀತನಾ ನನಗ ನಿದ್ದಿ ಬರೂದಿಲ್ಲ."

ಮೂರನೆಯ ದಿನದ ಕಾರ್ಯ ಮುಗಿದ ಮೇಲೆ ಸುಭಾಷ ಅಥಣಿ ರಸ್ತೆಗೆ ಹೋದ. ಹೊಸ ಲೇಔಟುಗಳ ನಡುವೆ ಅದೊಂದು ಹಳೇ ಕಲ್ಲಿನ ಮನೆ. ಪಡಸಾಲೆಯಲ್ಲಿ ಸಾಹೇಬರ ಹೆಂಡತಿ ವಿಜಯಲಕ್ಷ್ಮೀ ಒಬ್ಬರೇ ಕೂತಿದ್ದರು. ಗೋಡೆಯ ಮೇಲೆ ಚಿತ್ರ, ಅದೇ ಪಟಗಾ.

"ಬರ್ರಿ. ಯಾವೂರವರು?"

"ಕಾಖಂಡಕಿರಿ ಅವ್ವಾರ."

"ಹೆಸರೇನ್ರಿ?"

ಸುಭಾಷ ನೆಲ ನೋಡುತ್ತ ಹೇಳಿದ. "ಸುಭಾಷ ಬಿರಾದಾರ್ರಿ."

ಒಳಗೆ ಯಾರೋ ಪಾತ್ರೆ ತೊಳೆಯುವ ಸದ್ದು ಕೇಳುತ್ತಿತ್ತು. ವಿಜಯಲಕ್ಷ್ಮೀ ಚಾಪೆ ತೋರಿಸಿದರು.

"ಕುಂಡ್ರ್ರಿ. ನೀವು ಬರ್ತೀರಿ ಅಂತ ಅವರು ಅಂದಿದ್ರು."

"ಸಾಹೇಬ್ರು ನನ್ನ ಮ್ಯಾಲ ಸಿಟ್ಟಾಗಿದ್ರೇನ್ರಿ?"

"ಮೊದಲ ಆಗಿದ್ರು. ಆಮ್ಯಾಲ ಒಂದ್ ದಿನ ಡ್ರೈವರ್‌ನ ಕರಕೊಂಡು ನಿಮ್ಮೂರಿಗೆ ಬಂದಿದ್ರು. ನಿಮ್ಮನ್ನ ನೋಡಬೇಕಂತ. ನೀವು ರಸ್ತಾದ ಬಾಜೂ ಹೊಲದಾಗ ಕುರಿ ಬಿಟ್ಕೊಂಡು ನಿಂತಿದ್ರಂತ. ಗಾಡಿ ನಿಲ್ಲಿಸಿ, ಕಾಚ್ ಇಳಿಸದs ಭಾಳೊತ್ತು ನೋಡ್ಕೋಂತ ಕುಂತಿದ್ರಂತ."

ಸುಭಾಷ ತಲೆ ಎತ್ತಿದ. ಅಂಥ ಗಾಡಿ ಅವನಿಗೆ ನೆನಪಿರಲಿಲ್ಲ. ಯಾವ ಹೊಲ, ಯಾವ ದಿನ, ತಾನಾಗ ಏನು ಮಾಡುತ್ತಿದ್ದೆ, ಒಂದೂ ನೆನಪಿಗೆ ಬರಲಿಲ್ಲ.

"ಇಳದು ಬಂದು ಎರಡು ಮಾತು ಬೈದಿದ್ರ ನನಗ ಹಗುರ ಆಗ್ತಿತ್ತು ಅವ್ವಾರ. ಯಾಕ ಕರೀಲಿಲ್ಲ?"

"ನಾನೂ ಅದನ್ನs ಕೇಳಿದೆ. 'ಕರೀಬೇಕಂದೆ, ಬಾಯಿ ಬರಲಿಲ್ಲ. ನನ್ನ ಹೆಸರು ನಾನs ಹ್ಯಾಂಗ ಒದರ್ಲಿ?' ಅಂದ್ರು." ವಿಜಯಲಕ್ಷ್ಮೀ ಸೆರಗಿನಿಂದ ಬಾಯಿ ಒತ್ತಿಕೊಂಡರು. "ಅವತ್ತಿಂದ ಮಾತು ಕಡಿಮಿ ಮಾಡಿದ್ರು. ಯಾರರ ಹೊರಗ ನಿಂತು ಹೆಸರು ಹಿಡದು ಕೂಗಿದ್ರ, 'ನನಗಲ್ಲ, ಅವನಿಗೆ ಕೂಗಾಕತ್ತಾರ' ಅಂತಿದ್ರು."

ಸುಭಾಷ ಅವರ ಕಾಲಿಗೆ ಬಿದ್ದ. "ತಪ್ಪಾತ್ರಿ. ನನಗ ಹಿಂಗಾಗ್ತೈತಿ ಅಂತ ಗೊತ್ತಿರಲಿಲ್ಲ. ಒಂದೀಟು ಗೊತ್ತಿತ್ತು. ಫೋಟೋ ತೆಗಿಯೂವಾಗ ಗೊತ್ತಾತು. ಎದ್ದು ಬರಲಿಲ್ಲ."

"ಏಳ್ರಿ. ನಾ ಏನೂ ಅನ್ನೂದಿಲ್ಲ. ಮಾಫ್ ಮಾಡೂದು ನನ್ನ ಕೈಯಾಗಿಲ್ಲ, ಮಾಡೂವ್ರು ಹ್ವಾದ್ರು." ಅವರು ಒಳಗಿನವರಿಗೆ ಚಹಾ ತರಲು ಹೇಳಿದರು. "ಆ ಹೆಸರು ನಾ ಒಂದ್ ದಿನಾನೂ ಬಾಯಿಲೆ ಅಂದಾಕಿ ಅಲ್ಲ. ಇನ್ನ ಅನ್ನೂದಿಲ್ಲ. ಇಟ್ಕೊಂಡು ಛಲೋತಂಗ ಬದುಕ್ರಿ, ಅಷ್ಟs."

ಚಹಾ ಬಂತು. ಅವನಿಗೆ ಕುಡಿಯಲಾಗಲಿಲ್ಲ. ಕಪ್ಪು-ಬಸಿಯಲ್ಲಿ ಕೆನೆಗಟ್ಟುವವರೆಗೆ ಹಿಡಿದು ಕೂತು, ಇಟ್ಟು ಬಂದ.

ತಾಯವ್ವ ಅಂದು ಅವನು ಬರುವ ದಾರಿ ನೋಡುತ್ತ ಕಟ್ಟೆಯ ಮೇಲಿದ್ದಳು. ನಡೆದದ್ದನ್ನೆಲ್ಲ ಕೇಳಿ, "ಇನ್ನೇನ್ ಮಾಡ್ತಿ ಯಪ್ಪಾ. ಉಣ್ಣು, ರೊಟ್ಟಿ ಆರ್ತಾವ," ಎಂದಳು. ಕಸ್ತೂರಿಗೆ ನಿದ್ದೆ ಬರತೊಡಗಿತು. ಮಳೆಗಾಲದ ಹೊತ್ತಿಗೆ ಫ್ಲೆಕ್ಸುಗಳು ಹರಿದು, ಕೆಲವನ್ನು ಜನ ಜೋಳದ ಕಣಕಿಯ ಬಣವೆಗೆ ಹೊದಿಸಿದರು. ಸತೀಶಕುಮಾರ ಮತ್ತೊಮ್ಮೆ ಬೇರೆ ಯಾವುದೋ ಚುನಾವಣೆಯ ಮಾತು ತೆಗೆದುಕೊಂಡು ಬಂದಿದ್ದ. ಸುಭಾಷ ನಾಯಿ ಬಿಟ್ಟ.

ಅವನು ಈಗಲೂ ಕುರಿ ಮೇಯಿಸುತ್ತಾನೆ. ಆದರೆ ರಸ್ತೆಯ ಬದಿಯ ಹೊಲಗಳಲ್ಲಿ ಬೆನ್ನು ಕೊಟ್ಟು ನಿಲ್ಲುವುದಿಲ್ಲ. ಯಾವುದಾದರೂ ಕಾರು ಅಲ್ಲಿ ನಿಧಾನವಾದರೆ ಕುರಿಗಳನ್ನು ಬಿಟ್ಟು ರಸ್ತೆಗೆ ಬರುತ್ತಾನೆ. ಕಿಟಕಿಯ ಕಾಚಿನ ಹತ್ತಿರ ಬಾಗಿ ಒಳಗೆ ನೋಡುತ್ತಾನೆ. ದಾರಿ ಕೇಳಬೇಕೆಂದು ನಿಂತವರು ಅವನ ಮುಖ ಕಂಡು ಒಮ್ಮೊಮ್ಮೆ ಹೆದರುತ್ತಾರೆ. ಅವನು ಅವರಿಗೆ ದಾರಿ ಹೇಳುತ್ತಾನೆ. ಕಾರು ಹೋದ ಮೇಲೂ ಧೂಳು ಕೂರುವವರೆಗೆ ಅಲ್ಲಿಯೇ ನಿಂತಿರುತ್ತಾನೆ.