ವಿಭೂತಿ ಹಚ್ಚಿದ ಎಣ್ಣೆ ಡಬ್ಬಿ

ನಿನ್ನೆ ಮಧ್ಯಾಹ್ನ ಊಟ ಮುಗಿಸಿ ಆರಾಮಕುರ್ಚಿಯಲ್ಲಿ ಕಣ್ಣು ಮುಚ್ಚಿದ್ದೆ. ಮೊಮ್ಮಗಳು ಬೆಕ್ಕಿನ ಹೆಜ್ಜೆ ಇಟ್ಟು ಬಂದವಳೇ ನನ್ನ ಕಿವಿಗೆ ಬಾಯಿ ಹಚ್ಚಿ, "ಅಜ್ಜಾ, ಯಾರ ಮುಂದೂ ಹೇಳಬ್ಯಾಡ, ಅವ್ವ ಉಂಡಿ ಡಬ್ಬಿ ಮುಚ್ಚಿಟ್ಟಾಳ" ಎಂದು ಪಿಸುಗುಟ್ಟಿದಳು. ನಗಬೇಕಾದ ಮಾತು. ನಾನು ನಗುವುದು ಬಿಟ್ಟು ಧಡಕ್ಕನೆ ಎದ್ದು ನಿಂತುಬಿಟ್ಟೆ. ತೋಳಿನ ಕೂದಲು ನಿಮಿರಿದ್ದವು. ಮಗು ಹೆದರಿ ಒಳಗೆ ಓಡಿತು. "ಕೂಸಿಗೆ ಅಂಜಿಸ್ತೀರೇನ್ರಿ? ವಯಸ್ಸಾತು, ಬುದ್ಧಿ ಬರಲಿಲ್ಲ" ಎಂದು ಹೆಂಡತಿ ಅಡುಗೆಮನೆಯಿಂದಲೇ ನನಗೆ ಮಂಗಳಾರತಿ ಎತ್ತಿದಳು.

ಬುದ್ಧಿ ಬರಲಿಲ್ಲ, ನಿಜ. ಆದರೆ ಪಿಸುಮಾತಿಗೆ ನಾನು ಬೆಚ್ಚುವುದಕ್ಕೆ ಕಾರಣವಿದೆ. ನೀವು ಹೇಗೂ ಕೂತಿದ್ದೀರಿ, ಕೇಳಿಬಿಡಿ.

ನಾನು ಆಹಾರ ಸುರಕ್ಷತೆಯ ಇಲಾಖೆಯಲ್ಲಿದ್ದವನು. ದಾಂಡೇಲಿ, ಹಳಿಯಾಳ, ಜೊಯಿಡಾ ನನ್ನ ಪಾಲಿಗೆ. ಮುಂಡಗೋಡದವರು ರಜೆ ಹಾಕಿದರೆ ಅದೂ ನನ್ನ ತಲೆಗೆ. ಬೆರಕೆ ಹಿಡಿಯುವ ಕೆಲಸ. ಅಂಗಡಿಗೆ ಹೋಗಿ ಬೇಳೆ, ಖಾರಪುಡಿ, ಎಣ್ಣೆಯ ಮಾದರಿ ತೆಗೆದು, ಸೀಲು ಒತ್ತಿ ಪ್ರಯೋಗಾಲಯಕ್ಕೆ ಕಳಿಸಬೇಕು. ನನ್ನ ಜೀಪು ಊರ ಅಗಸೆ ದಾಟುವುದರೊಳಗೆ ಪೇಟೆಯ ಅರ್ಧ ಅಂಗಡಿಗಳ ಕದ ಮುಚ್ಚಿರುತ್ತಿದ್ದವು. ಸಾವಕಾರರೆಲ್ಲರ ಮನೆಯಲ್ಲೂ ಅವತ್ತೇ ಯಾರೋ ಸತ್ತಿರುತ್ತಿದ್ದರು. ಹಾಗಾಗಿ ಒಳಗಿನಿಂದ ಯಾರಾದರೂ ಹೇಳದ ಹೊರತು ನನ್ನಂಥವನಿಗೆ ಏನೂ ಸಿಗುವುದಿಲ್ಲ. ಹೇಳಿದವರ ಹೆಸರು ಹೊರಗೆ ಬಿಡಬಾರದು ಎನ್ನುವುದು ಕಾನೂನು. ಹೆಸರನ್ನು ಕೇಳಲೇಬಾರದು ಎನ್ನುವುದು ನಾನು ಹಾಕಿಕೊಂಡ ನಿಯಮ. ಗೊತ್ತಿಲ್ಲದ್ದನ್ನು ಬಾಯಿ ತಪ್ಪಿಯೂ ಆಡಲಾಗುವುದಿಲ್ಲವಲ್ಲ! ನನ್ನ ಬಾಯಿಯ ಮೇಲೆ ನನಗೆ ಅಷ್ಟೊಂದು ಭರವಸೆ.

ಹಳಿಯಾಳದ ಕಚೇರಿಯಲ್ಲಿ ಒಂದು ಹಳೆಯ ಫೋನಿತ್ತು. ಯಾರು ಮಾಡಿದರು ಎಂದು ನಂಬರು ತೋರಿಸುವಷ್ಟು ಜಾಣತನ ಅದಕ್ಕಿರಲಿಲ್ಲ. ಒಂದು ಮಧ್ಯಾಹ್ನ, ಸಿಬ್ಬಂದಿಯೆಲ್ಲ ಊಟಕ್ಕೆ ಹೋದಾಗ ಅದು ರಿಂಗಾಯಿತು. ಎತ್ತಿದೆ. ಮೊದಲು ಉಸಿರು. ಆಮೇಲೆ ಪಿಸುಮಾತು.

"ರೆಸಾರ್ಟಿನ ಎಣ್ಣಿ ಎಲ್ಲಿ ಹೋಗತೈತಿ ಅಂತ ಎಂದಾದ್ರೂ ಕೇಳೀರೇನ್ರಿ?"

ಕೇಳಿರಲಿಲ್ಲ. ಸೂಪಾ ಕಡೆ, ಕಾಳಿ ನದಿಯ ದಂಡೆಯುದ್ದಕ್ಕೂ ರೆಸಾರ್ಟುಗಳಾಗಿವೆ. ನೀರಾಟ ಆಡಿ ಹಸಿದವರಿಗೆ ಮೀನು, ಕೋಳಿ, ಭಜಿ ಕರಿದು ಕರಿದು ಕಪ್ಪಾದ ಎಣ್ಣೆಯನ್ನು ಸಾಬೂನು ಮಾಡಲಿಕ್ಕೆ ಎಂದು ಹೇಳಿ ಒಂದು ಟೆಂಪೊ ಒಯ್ಯುತ್ತಿತ್ತು. ಟೆಂಪೊ ಸಾಬೂನಿನ ಕಡೆ ಹೋಗುತ್ತಲೇ ಇರಲಿಲ್ಲ. ಹಳಿಯಾಳದ ಹೊರಗೆ ಒಬ್ಬ ಸಾವಕಾರರ ಗೋದಾಮಿಗೆ ಬರುತ್ತಿತ್ತು. ಅಲ್ಲಿ ಎಣ್ಣೆಯನ್ನು ಕಾಸಿ, ಬಿಳಿ ಮಣ್ಣಿನಂಥ ಪುಡಿ ಹಾಕಿ ಸೋಸಿದರೆ ಬಣ್ಣ ಹೋಗುತ್ತದೆ, ವಾಸನೆ ಹೋಗುತ್ತದೆ. ಅದಕ್ಕಿಷ್ಟು ಹೊಸ ಎಣ್ಣೆ ಬೆರೆಸಿ ಶೇಂಗಾ ಎಣ್ಣೆ ಎಂದು ಡಬ್ಬಿ ತುಂಬಿ, ಜೊಯಿಡಾದ ಸಣ್ಣ ಅಂಗಡಿಗಳಿಗೆ, ಮುಂಡಗೋಡದ ಸಂತೆಗೆ ಕಳಿಸುತ್ತಿದ್ದರು.

ಇದೆಲ್ಲ ಒಂದೇ ದಿನ ಗೊತ್ತಾದದ್ದಲ್ಲ. ಫೋನು ಮತ್ತೆ ಮತ್ತೆ ಬಂತು, ಪ್ರತಿ ಸಲ ಮಧ್ಯಾಹ್ನವೇ. ಗೋದಾಮಿನ ಆಳು, ಊಟದ ಹೊತ್ತು ನೋಡಿ ಮಾಡುತ್ತಾನೆ ಎಂದುಕೊಂಡೆ. ಗಂಡೋ ಹೆಣ್ಣೋ ಎಂದು ಕೇಳಬೇಡಿ. ಪಿಸುಮಾತಿಗೆ ಗಂಡು ಹೆಣ್ಣು ಇಲ್ಲ, ವಯಸ್ಸೂ ಇಲ್ಲ. ನೀವೇ ಒಮ್ಮೆ ಕಣ್ಣು ಮುಚ್ಚಿ ಕೇಳಿ ನೋಡಿ. ನನಗಂತೂ ಅದು ತಲೆಯೊಳಗೆ ಹೊಕ್ಕು ಕೂತಿತು. ಬಸ್ಸಿನಲ್ಲಿ ಹಿಂದಿನ ಸೀಟಿನವರು ದನಿ ತಗ್ಗಿಸಿ ಮಾತಾಡಿದರೆ ಕುತ್ತಿಗೆ ತಣ್ಣಗಾಗುತ್ತಿತ್ತು. ಒಂದು ದಿನ ಕಾಯಿಪಲ್ಯ ಮಾರುವವಳು ತಗ್ಗಿದ ದನಿಯಲ್ಲಿ "ನಿಮಗಂತ ಒಂದ ರೂಪಾಯಿ ಕಮ್ಮಿ" ಎಂದಾಗ ಬದನೆಕಾಯಿ ಚೀಲವನ್ನು ಅಲ್ಲೇ ಬಿಟ್ಟು ಬಂದೆ. ಮನೆಯಲ್ಲಿ ಅದಕ್ಕೆ ಬೇರೆ ವಿಚಾರಣೆ ನಡೆಯಿತು.

ಒಂದು ದಿನ ಫೋನಿನಲ್ಲಿ ಆ ಧ್ವನಿ ಹೇಳಿತು: "ನಾಳಿ ಬರ್ರಿ. ಮಾಲು ತುಂಬೇತಿ. ಮೂಲ್ಯಾಗ ಒಂದ ಡಬ್ಬಿಗೆ ವಿಭೂತಿ ಹಚ್ಚೇತಿ ನೋಡ್ರಿ. ಅದು ಗಾಣದ್ದು, ದೇವರ ದೀಪಕ್ಕ ಇಟ್ಟದ್ದು. ಅದರಾಗ ಏನೂ ಬೆರಸಿಲ್ಲ. ಉಳದದ್ದು ಎಲ್ಲಾ ಬೆರಕಿ." ಆಮೇಲೆ, "ದೇವರಿಗೆ ಹೆದರ್ತಾನ್ರಿ ಅಂವ. ಮಂದಿಗೆ ಹೆದರಂಗಿಲ್ಲ" ಎಂದು ಫೋನು ಇಟ್ಟಿತು.

ಸುಳಿವು ಕೊಟ್ಟವರನ್ನು ಕಾಯುವುದಕ್ಕೆ ಒಂದು ರೀತಿ ಇದೆ. ಎಲ್ಲಿದೆ ಎಂದು ಗೊತ್ತಿದ್ದರೂ ಗೊತ್ತಿಲ್ಲದವನ ಹಾಗೆ ಹುಡುಕಬೇಕು. ಅವತ್ತು ಮೊದಲು ಬೇರೆ ಎರಡು ಅಂಗಡಿ ಹೊಕ್ಕು, ಸುಮ್ಮನೆ ಬೆಲ್ಲ ಮೂಸಿ, ಆಮೇಲೆ ಗೋದಾಮಿಗೆ ಹೋದೆ. ತಪ್ಪು ಮೂಲೆಯಿಂದ ಶುರು ಮಾಡಿದೆ. ವಿಭೂತಿಯ ಡಬ್ಬಿಯಿಂದಲೂ ಒಂದು ಮಾದರಿ ತೆಗೆದೆ. ಸಾವಕಾರರು ಬೆವರುತ್ತ ನಿಂತಿದ್ದರು. ಗೋದಾಮಿಗೆ ಹತ್ತಿಕೊಂಡೇ ಅವರ ಮನೆ. ಅಲ್ಲಿಂದ ಅವರ ತಾಯಿ, ಊರೆಲ್ಲ ದೊಡ್ಡವ್ವ ಎನ್ನುವ ಹಿರಿಯ ಜೀವ, ತಂಬಿಗೆ ಹಿಡಿದು ಬಂದರು.

"ಬಿಸಲಾಗ ಬಂದೀರಿ, ಮಜ್ಜಿಗಿ ಕುಡೀರಿ" ಎಂದರು, ಗಟ್ಟಿ ಕಂಠದಲ್ಲಿ.

"ಬ್ಯಾಡ್ರಿ ಅವ್ವ, ಡ್ಯೂಟಿ ಮ್ಯಾಲೆ ಇದ್ದೇನಿ."

"ನಮ್ಮ ಮನಿ ಎಮ್ಮಿದ ಐತ್ರೀಪ. ಇದರಾಗ ಏನೂ ಕಲಸಿಲ್ಲ" ಎಂದರು. ಯಾರೂ ನಗಲಿಲ್ಲ.

ವರದಿ ಬಂತು. ವಿಭೂತಿಯ ಡಬ್ಬಿ ಅಪ್ಪಟ, ಉಳಿದದ್ದು ತಿನ್ನಲು ಯೋಗ್ಯವಲ್ಲ. ಕೇಸು ಹಾಕಿದೆ, ಮಾಲು ಜಪ್ತಾಯಿತು. ಮನೆಗೆ ಬಂದು ಎರಡು ಹೋಳಿಗೆ ಹೆಚ್ಚು ಉಂಡೆ. ಕಥೆ ಮುಗಿಯಿತು ಅಂದುಕೊಂಡಿದ್ದೆ, ಮಳ್ಳನ ಹಾಗೆ.

ಹೇಳಿದವರು ಯಾರು ಎಂದು ಸಾವಕಾರರು ಕಂಡುಹಿಡಿಯಲು ಹೊರಟರು. ಬೈಯಲಿಲ್ಲ, ಹೊಡೆಯಲಿಲ್ಲ. ನಮ್ಮ ಕಡೆಯ ರೀತಿಯಲ್ಲಿ ದೀಪ ಮುಟ್ಟಿಸಿದರು. ಗೋದಾಮಿನ ನಡುವೆ ಮಣೆ ಹಾಕಿಸಿ, ದೇವರ ಜಗಲಿಯ ಹಿತ್ತಾಳೆ ದೀಪ ತರಿಸಿ, ದೇವರ ಎಣ್ಣೆಯನ್ನೇ ಹೊಯ್ಯಿಸಿದರು. ದೊಡ್ಡವ್ವನವರೇ ಬತ್ತಿ ಹಚ್ಚಿದರಂತೆ. ಆಳುಗಳು ಒಬ್ಬೊಬ್ಬರಾಗಿ ಬಂದು ದೀಪ ಮುಟ್ಟಿ, "ನಾ ಹೇಳಿಲ್ಲ, ಹೇಳಿದ್ರ ನನ್ನ ನಾಲಗಿ ಬಿದ್ದು ಹೋಗ್ಲಿ" ಎಂದು ಆಣೆ ಮಾಡಿದರು. ಒಬ್ಬರೂ ತಡವರಿಸಲಿಲ್ಲ. ಡಬ್ಬಿ ತೊಳೆದು ತುಂಬುತ್ತಿದ್ದ ಈರಪ್ಪನೂ ಮುಟ್ಟಿದ.

ಆ ವಾರ ಕಳೆಯುವುದರೊಳಗೆ ಈರಪ್ಪ ಒಂದು ಬೆಳಿಗ್ಗೆ ಬಾಯಿ ಮುಕ್ಕಳಿಸಲು ಹೋದ. ನೀರು ಒಂದು ಕಡೆಯಿಂದ ತಾನೇ ಸೋರಿತು. ಕನ್ನಡಿ ನೋಡಿದರೆ ಬಾಯಿ ಸೊಟ್ಟ. ಒಂದು ಕಣ್ಣು ಮುಚ್ಚಲೊಲ್ಲದು. ಮಾತು ತೊದಲು. ಡಾಕ್ಟರು ಮುಖದ ನರ ಬಾತಿದೆ, ಇಳಿಯುತ್ತದೆ ಎಂದರು. ಡಾಕ್ಟರ ಮಾತು ಯಾರಿಗೆ ಬೇಕಿತ್ತು! ಕಾಗೆ ಕೂತದ್ದಕ್ಕೂ ಕೊಂಬೆ ಮುರಿದದ್ದಕ್ಕೂ ಸರಿ ಹೋಯಿತು. ದೀಪ ಹಿಡಿದುಕೊಟ್ಟಿತು ಎಂದು ಪೇಟೆಯೇ ಮಾತಾಡಿತು. ಸಾವಕಾರರು ಅವನನ್ನು ಕೆಲಸದಿಂದ ಬಿಡಿಸಿದರು. ಬೇರೆ ಯಾರೂ ಕರೆಯಲಿಲ್ಲ. ಉಂಡ ಮನೆಗೆ ಎರಡು ಬಗೆದವನು, ಮೇಲೆ ಸುಳ್ಳು ಆಣೆ ಮಾಡಿದವನು. ಅವನ ಮನೆಯ ನೀರು ಕುಡಿಯಲೂ ಓಣಿಯವರು ಹಿಂದೆಮುಂದೆ ನೋಡಿದರು.

ಇದನ್ನೆಲ್ಲ ನನಗೆ ಹೇಳಿದವನು ಈರಪ್ಪನೇ. ಒಂದು ಮಧ್ಯಾಹ್ನ ಬಾಯಿಗೆ ಟಾವೆಲ್ ಕಟ್ಟಿಕೊಂಡು ಕಚೇರಿಗೆ ಬಂದ. ಬಾಗಿಲ ಹೊರಗೇ ಬಹಳ ಹೊತ್ತು ನಿಂತಿದ್ದ. ಬೈಯಲು ಬಂದಿದ್ದಾನೆ ಎಂದುಕೊಂಡು ಕುರ್ಚಿ ತೋರಿಸಿದೆ. ಕೂರಲಿಲ್ಲ. ನಡೆದದ್ದನ್ನೆಲ್ಲ ತೊದಲುತ್ತ ಹೇಳಿ ಮುಗಿಸಿದ ಮೇಲೆ ಕೇಳಿದ:

"ಸಾಹೇಬ್ರ, ನಿಮಗ ಹೇಳಿದಾಂವ ನಾನ ಏನ್ರಿ?"

ಅವನ ಪ್ರಶ್ನೆಯೇ ನನಗೆ ಅರ್ಥವಾಗಲಿಲ್ಲ. "ಅದು ನಿನಗ ಗೊತ್ತಿರಬೇಕಲ್ಲೋ ಈರಪ್ಪಾ?"

"ಗೊತ್ತಾಗವಲ್ತ್ರಿ. ಹೇಳಿಲ್ಲ ಅಂತ ತಿಳಕೊಂಡಿದ್ದೆ. ದೀಪ ಹೇಳಿದಿ ಅಂತೈತಿ. ದೀಪಕ್ಕ ನನ್ನ ಮ್ಯಾಲೆ ಏನ್ ಸಿಟ್ಟರಿ? ನಿದ್ದ್ಯಾಗ ಎದ್ದ ಬಂದ ಹೇಳೇನೋ, ಕುಡದಾಗ ಹೇಳೇನೋ. ಖರೇ ಹೇಳ್ರಿ. ನಾನ ಹೇಳಿದ್ದರ ಹೇಳೇನಿ ಅಂತ ಒಪ್ಪಕೊಂಡ ಬಿಡ್ತೇನಿ."

ಹಾಡಹಗಲು, ಹೊರಗೆ ಬಿಸಿಲು ಬಡಿಯುತ್ತಿತ್ತು. ನನ್ನ ಬೆನ್ನಿನ ಮೇಲೆ ಮಾತ್ರ ತಣ್ಣಗೆ ಏನೋ ಹರಿಯಿತು. ನೀನಲ್ಲ ಎನ್ನೋಣವೆಂದರೆ, ನಾಳೆ ಸಾವಕಾರರು ಇನ್ನೊಬ್ಬ ಆಳನ್ನು ಕಳಿಸುತ್ತಾರೆ, ನಾಡಿದ್ದು ಮತ್ತೊಬ್ಬನನ್ನು. ಅಲ್ಲ, ಅಲ್ಲ ಎನ್ನುತ್ತ ಹೋದರೆ ಕಡೆಗೆ ಉಳಿದವರು ಸಿಕ್ಕಿಬೀಳುತ್ತಾರೆ. ಅದು ಹಾಗಿರಲಿ, ನನಗೇ ಗೊತ್ತಿರಲಿಲ್ಲವಲ್ಲ! ಈರಪ್ಪ ಮೇಜಿನ ಮೇಲೆ ಬಾಗಿ ದನಿ ತಗ್ಗಿಸಿದ. "ನನಗೊಬ್ಬಗ ಹೇಳ್ರಿ" ಎಂದ. ಸೊಟ್ಟ ಬಾಯಿಯ ಅಂಚಿನಿಂದ ಗಾಳಿ ಸೋರುತ್ತಿದ್ದ ಆ ಪಿಸುಮಾತು ಥೇಟು ಫೋನಿನ ಧ್ವನಿಯೇ. ಆಣೆ ಮಾಡಿ ಹೇಳುತ್ತೇನೆ, ಅದೇ. ಅವನೇ ಇರಬೇಕು, ಅವನಿಗೇ ನೆನಪಿಲ್ಲ ಎಂದು ಒಂದು ಗಳಿಗೆ ನಾನೂ ನಂಬಿಬಿಟ್ಟೆ.

"ನಾ ಹೇಳಾಕ ಬರಂಗಿಲ್ಲಪ್ಪಾ" ಎಂದೆ. ಅವನು ತಲೆಯಾಡಿಸಿದ, ಟಾವೆಲ್ ಮತ್ತೆ ಕಟ್ಟಿಕೊಂಡು ಹೋದ. ಅವತ್ತು ನನಗೆ ನನ್ನ ಕೆಲಸದ ಮೇಲೆ ಬಂದ ಹೇಸಿಗೆ ಅಷ್ಟಿಷ್ಟಲ್ಲ. ಊಟ ಸೇರಲಿಲ್ಲ.

ಮತ್ತೆ ಫೋನು ಬರುತ್ತದೋ ಇಲ್ಲವೋ ಎಂದು ದಿನಾ ಮಧ್ಯಾಹ್ನ ಅದರ ಮುಂದೆ ಕೂತೆ. ಗೋದಾಮಿನಿಂದ ಹೊರಬಿದ್ದವನು ಇನ್ನೇಕೆ ಫೋನು ಮಾಡುತ್ತಾನೆ? ಬರದಿದ್ದರೆ ಈರಪ್ಪನೇ ಎಂದು ಅರ್ಥ. ಬಂದರೆ ಅಲ್ಲ. ಬರಲಿ ಎಂದು ಬೇಡುತ್ತಿದ್ದೆ, ರಿಂಗಾದರೆ ಎತ್ತುವುದು ಹೇಗೆ ಎಂದು ಹೆದರುತ್ತಲೂ ಇದ್ದೆ. ಕಡೆಗೊಂದು ದಿನ ರಿಂಗಾಯಿತು. ಮೊದಲು ಅದೇ ಉಸಿರು.

"ಈರಪ್ಪ ನಿಮ್ಮಲ್ಲಿಗೆ ಬಂದಿದ್ನಂತ, ಖರೇ ಏನ್ರಿ?" ಅದೇ ಪಿಸುಮಾತು.

ನಿಯಮ ಗಿಯಮ ಮರೆತು ಎಲ್ಲ ಹೇಳಿಬಿಟ್ಟೆ. ಅವನು ಏನು ಕೇಳಿದ ಎಂಬುದನ್ನೂ ಹೇಳಿದೆ. ಆಮೇಲೆ ಮೊಟ್ಟಮೊದಲ ಸಲ ಆ ಧ್ವನಿ ಪಿಸುಗುಡುವುದು ಬಿಟ್ಟು ಗಟ್ಟಿಯಾಗಿ ಮಾತಾಡಿತು.

"ಅಯ್ಯ ಶಿವನ! ತಾ ಹೇಳೇನಿ ಅಂತ ತಾನ ನಂಬ್ಯಾನೇನ್ರಿ ಅಂವ?"

ಮಜ್ಜಿಗೆ ಕೊಡಲು ಬಂದಿದ್ದ ಕಂಠ. ದೊಡ್ಡವ್ವ.

ಗೋದಾಮಿನಲ್ಲಿ ಎಲ್ಲರಿಗೂ ದೀಪ ಮುಟ್ಟಿಸಿದರು. ದೀಪ ಹಚ್ಚಿದ ತಾಯಿಗೆ ಮುಟ್ಟು ಎಂದು ಯಾರು ಹೇಳುತ್ತಾರೆ? ಯಾರಿಗೂ ಅದು ಹೊಳೆದಿರಲಿಲ್ಲ. ನನಗೂ ಹೊಳೆದಿರಲಿಲ್ಲ, ಸಂಬಳ ತೆಗೆದುಕೊಳ್ಳುವವನಿಗೆ.

"ನನ್ನ ಹೆಸರ ಹೇಳಿ ಬಿಡ್ರಿ" ಎಂದರು.

"ಬರಂಗಿಲ್ಲ ಅವ್ವ. ಕಾಯ್ದೇದಾಗ ಇಲ್ಲ. ನಿಮ್ಮ ಮಗಾ..."

"ಮಗಾ ನನ್ನವ. ಈರಪ್ಪ ಯಾರ ಮಗಾ? ಅವಗೂ ಒಬ್ಬಾಕಿ ಹಡದಾಳ. ನೀವು ಹೇಳಬ್ಯಾಡ್ರಿ, ನಾನ ಹೇಳ್ತೇನಿ."

ಮರುದಿನ ಸೋಮವಾರ. ಓಣಿಯವರೆಲ್ಲ ಬಾಗಿಲಲ್ಲಿ ನಿಂತಿದ್ದ ಹೊತ್ತಿನಲ್ಲಿ ದೊಡ್ಡವ್ವ ಅದೇ ದೀಪ ಹಚ್ಚಿಕೊಂಡು, ಸೆರಗು ಮರೆ ಮಾಡಿ, ಈರಪ್ಪನ ಮನೆಯವರೆಗೆ ನಡೆದರು. ಬಿಸಿಲಲ್ಲಿ ಉರಿ ಕಾಣಿಸುತ್ತಲೇ ಇರಲಿಲ್ಲವಂತೆ. ಅವನ ಕಟ್ಟೆಯ ಮೇಲೆ ದೀಪ ಇಟ್ಟು, ಮುಟ್ಟಿ, "ಹೇಳಿದಾಕಿ ನಾ. ಈ ಹುಡುಗ ಅಲ್ಲ. ಇವನ ಬಾಯಿ ಬ್ಯಾನಿಯಿಂದ ಸೊಟ್ಟ ಆಗೇತಿ, ಪಾಪದಿಂದ ಅಲ್ಲ" ಎಂದರು. ಹಿಂದೆಯೇ ಓಡಿ ಬಂದಿದ್ದ ಮಗ ಓಣಿಯ ನಡುವೆ ಚಪ್ಪಲಿಯಿಲ್ಲದ ಕಾಲಲ್ಲಿ ನಿಂತುಬಿಟ್ಟ. ಎಣ್ಣೆಯ ದಂಧೆ ಅಲ್ಲಿಗೆ ನಿಂತಿತು. ದೊಡ್ಡವ್ವ ಇರುವ ತನಕವೂ ಮಗ ಅವರ ಎದುರಿಗೆ ಕೂತು ಉಣ್ಣಲಿಲ್ಲ ಎಂದು ಕೇಳಿದ್ದೇನೆ. ಅವರು ಈಗಿಲ್ಲ. ಹಾಗೆಂದೇ ಇಷ್ಟೆಲ್ಲ ಹೇಳುತ್ತಿದ್ದೇನೆ, ಈರಪ್ಪನ ಹೆಸರನ್ನು ಬದಲಿಸಿ.

ಮೊಮ್ಮಗಳ ಪಿಸುಮಾತು ಕೇಳಿದ ಮೇಲೆ ರಾತ್ರಿ ನಿದ್ದೆ ಹತ್ತಲಿಲ್ಲ. ಇವತ್ತು ಬೆಳಿಗ್ಗೆ ಎದ್ದು ದಾಂಡೇಲಿಯಿಂದ ಬಸ್ಸು ಹತ್ತಿ ಹಳಿಯಾಳಕ್ಕೆ ಹೋದೆ. ಈರಪ್ಪ ಬಸ್‌ಸ್ಟ್ಯಾಂಡಿನ ಹೊರಗೆ ಬಾಳೆಹಣ್ಣಿನ ಗಾಡಿ ಇಟ್ಟಿದ್ದಾನೆ. ಮುಖ ಸರಿಹೋಗಿದೆ; ನಕ್ಕರೆ ಮಾತ್ರ ಒಂದು ಕಡೆ ಸ್ವಲ್ಪ ಹಿಂದುಳಿಯುತ್ತದೆ. "ಬರ್ರಿ ಸಾಹೇಬ್ರ, ಕುಂದರ್ರಿ" ಎಂದು ಸ್ಟೂಲು ಒರೆಸಿದ. ಇನ್ನೂ ಆ ಅನುಮಾನ ಕಾಡುತ್ತದೆಯೇ ಎಂದು ಕೇಳಲೇ ಬಂದಿದ್ದೆ, ಕೇಳಿದೆ.

"ಹೇಳೇನೋ ಏನೋ ಅನ್ನೂದು ಆವಾಗ ಹೋತ್ರಿ, ದೊಡ್ಡವ್ವ ದೀಪ ಮುಟ್ಟಿದ ದಿನಾನ" ಎಂದ. ಬಾಳೆಹಣ್ಣಿನ ಮೇಲಿನ ನೊಣ ಓಡಿಸಿದ. ಆಮೇಲೆ ನನ್ನ ಕಡೆ ನೋಡದೆ ಹೇಳಿದ:

"ಆಕಿ ಹಡದ ಮಗನ ಮ್ಯಾಲೆ ಹೇಳಿದ್ಲು. ನಾ ಆ ಡಬ್ಬಿ ತೊಳದಾಂವ, ತುಂಬಿದಾಂವ, ಗಾಡಿಗೆ ಏರಿಸಿದಾಂವ. ಅದನ್ನ ತಿನ್ನೂ ಮಂದಿ ನನ್ನ ಮಂದೀನ ಇದ್ರು. ನನಗ ಎಲ್ಲಾ ಗೊತ್ತಿತ್ತು. ನಾ ಯಾಕ ಹೇಳಲಿಲ್ರಿ ಸಾಹೇಬ್ರ?"

ದಾಂಡೇಲಿಯ ಬಸ್ಸು ಬಂದು ನಿಂತಿತು. ಕಂಡಕ್ಟರ್ ಕೂಗಿ ಕೂಗಿ ಸೀಟಿ ಊದಿದ. ನಾನು ಸ್ಟೂಲಿನಿಂದ ಏಳಲಿಲ್ಲ.